ಐಎನ್‌ಎಸ್ ಮೈಸೂರು ಕ್ರೂಸರಿನ ಮೂರು ತೋಪಿನ ಟರೆಟ್: 1:24 ಮಾದರಿ ಕಟ್ಟಿದ ದಾಖಲೆ

ಐಎನ್‌ಎಸ್ ಮೈಸೂರು ಎಂಬ ಕ್ರೂಸರ್, ಅಂದರೆ ಮಧ್ಯಮ ಗಾತ್ರದ ವೇಗದ ಯುದ್ಧನೌಕೆ, 1957ರ ಆಗಸ್ಟ್ 29ರಂದು ಭಾರತೀಯ ನೌಕಾಪಡೆಗೆ ಸೇರಿತು. 1985ರ ಆಗಸ್ಟ್ 20ರಂದು ಸೇವೆಯಿಂದ ನಿವೃತ್ತವಾಗಿ ಬಳಿಕ ಗುಜರಿಗೆ ಹೋಯಿತು. ಅದರ ಮೊದಲ ಹೆಸರು ಎಚ್‌ಎಂಎಸ್ ನೈಜೀರಿಯಾ. ಇಂಗ್ಲೆಂಡಿನ ಟೈನ್ ನದಿಯ ದಂಡೆಯಲ್ಲಿ ವಿಕರ್ಸ್ ಆರ್ಮ್‌ಸ್ಟ್ರಾಂಗ್ಸ್ ಕಂಪನಿಯ ಹಡಗುಕಟ್ಟೆಯಲ್ಲಿ 1939ರ ಜುಲೈನಲ್ಲಿ ನೀರಿಗಿಳಿದು, 1940ರಲ್ಲಿ ಬ್ರಿಟಿಷ್ ನೌಕಾಪಡೆಗೆ ಸೇರಿ, ಎರಡನೆಯ ಮಹಾಯುದ್ಧವನ್ನು ಆರ್ಕ್‌ಟಿಕ್‌ನಿಂದ ಹಿಂದೂ ಮಹಾಸಾಗರದವರೆಗೆ ಕಂಡ ಹಡಗು ಅದು. ನಮ್ಮ ಊರಿನ ಹೆಸರನ್ನು 28 ವರ್ಷ ಹೊತ್ತ ಆ ಹಡಗಿನ ಒಂದು ತುಣುಕಾದರೂ ಕೈಯಲ್ಲಿ ಮುಟ್ಟುವಂತಿರಬೇಕೆಂದು ನನಗೆ ಬಹಳ ಕಾಲದಿಂದ ಆಸೆಯಿತ್ತು. ಇಡೀ ಹಡಗಿನ ಮಾದರಿಗಳನ್ನು ಅನೇಕರು ಕಟ್ಟಿದ್ದಾರೆ. ನನ್ನನ್ನು ಸೆಳೆದದ್ದು ಅದರ ಮುಂಭಾಗದ ಟರೆಟ್, ಅಂದರೆ ಮೂರು 6 ಇಂಚಿನ ತೋಪುಗಳನ್ನು ಹೊತ್ತು ತಿರುಗುವ ಉಕ್ಕಿನ ಗೋಪುರ. ಅದೊಂದನ್ನೇ ದೊಡ್ಡ ಅಳತೆಯಲ್ಲಿ, ಏರಿಳಿಯುವ ಮತ್ತು ತಿರುಗುವ ಚಲನೆಗಳೊಂದಿಗೆ, ಒಂದು ಪಕ್ಕದ ಗೋಡೆ ತೆಗೆದು ಒಳಗು ತೋರುವಂತೆ ಕಟ್ಟಬೇಕೆಂದು ನಿಶ್ಚಯಿಸಿದೆ. ನಾನು ಕೈಗಾರಿಕಾ ತರಬೇತಿ ಸಂಸ್ಥೆಯೊಂದರಲ್ಲಿ ಟರ್ನರ್ ವಿಭಾಗದ ಬೋಧಕನಾಗಿದ್ದು ನಿವೃತ್ತನಾದವನು. ಮನೆಯ ಹಿಂದಿನ ಶೆಡ್ಡಿನಲ್ಲಿ ನಾಲ್ಕೂವರೆ ಅಡಿ ಬೆಡ್ಡಿನ ಹಳೆಯ ಲೇತ್ (ಲೋಹವನ್ನು ತಿರುಗಿಸುತ್ತ ಕೆತ್ತುವ ಯಂತ್ರ), ಒಂದು ಬೆಂಚ್ ಡ್ರಿಲ್ ಮತ್ತು ಒಂದು ಒಳ್ಳೆಯ ವೈಸ್ ಇವೆ. ಕೆಲಸಕ್ಕೆ ಹನ್ನೊಂದು ತಿಂಗಳು ಹಿಡಿಯಿತು.

ಅಳತೆಯಾಗಿ 1:24 ಅನ್ನು ಆರಿಸಿಕೊಂಡದ್ದಕ್ಕೆ ಸರಳ ಕಾರಣವಿದೆ. ಬ್ರಿಟಿಷ್ ರೇಖಾಚಿತ್ರಗಳೆಲ್ಲ ಅಡಿ ಮತ್ತು ಇಂಚುಗಳಲ್ಲಿವೆ; ಒಂದು ಅಡಿ ಅರ್ಧ ಇಂಚಾದರೆ ಲೆಕ್ಕ ಬಾಯಲ್ಲೇ ಆಗುತ್ತದೆ. 6 ಇಂಚಿನ ನಳಿಕೆಯ ಒಳವ್ಯಾಸ ಸರಿಯಾಗಿ ಕಾಲು ಇಂಚು, ಅಂದರೆ 6.35 ಮಿ.ಮೀ. ಆಗುತ್ತದೆ, ಮತ್ತು ಆ ಡ್ರಿಲ್ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಮೈಸೂರು ಹಡಗೇ ಉಳಿದಿಲ್ಲವಾದ್ದರಿಂದ ಮುಟ್ಟಿ ಅಳೆಯಲು ಇರುವುದು ಲಂಡನ್ನಿನ ಥೇಮ್ಸ್ ನದಿಯಲ್ಲಿ 1971ರಿಂದ ವಸ್ತುಸಂಗ್ರಹಾಲಯವಾಗಿ ನಿಂತಿರುವ ಎಚ್‌ಎಂಎಸ್ ಬೆಲ್‌ಫಾಸ್ಟ್. ಅದರ ಟರೆಟ್‌ಗಳೂ ಮೈಸೂರಿನಲ್ಲಿದ್ದ ಮಾರ್ಕ್ 23 ಮಾದರಿಯವೇ. ಮಗಳ ಮನೆಗೆ ಹೋಗಿದ್ದಾಗ ಎರಡು ದಿನ ಆ ಹಡಗಿನಲ್ಲೇ ಕಳೆದು, ಉಕ್ಕಿನ ಅಳತೆಪಟ್ಟಿಯನ್ನು ಪಕ್ಕದಲ್ಲಿ ಹಿಡಿದು ಇನ್ನೂರಕ್ಕೂ ಹೆಚ್ಚು ಚಿತ್ರ ತೆಗೆದುಕೊಂಡು ಬಂದೆ. ಬೆಲ್‌ಫಾಸ್ಟಿನ ಮುಂಬದಿಯ ತೋಪುಗಳನ್ನು ಲಂಡನ್ನಿನ ಹೊರವಲಯದಲ್ಲಿ ಎಂ1 ಹೆದ್ದಾರಿಯ ಪಕ್ಕದಲ್ಲಿರುವ ವಿಶ್ರಾಂತಿ ತಾಣವೊಂದರತ್ತ ಗುರಿಯಿಟ್ಟು ನಿಲ್ಲಿಸಿದ್ದಾರೆ. ಅದು ಸುಮಾರು 12 ಮೈಲು ದೂರ. ಆ ದೂರವನ್ನು ಡೆಕ್ಕಿನ ಮೇಲೆ ನಿಂತು ಕಲ್ಪಿಸಿಕೊಂಡಾಗ ಇವು ಎಷ್ಟು ದೂರ ಹೊಡೆಯುತ್ತಿದ್ದವೆಂಬುದು ಅಂಕಿ ಓದಿದಾಗ ಆಗದಷ್ಟು ಚೆನ್ನಾಗಿ ಮನಸ್ಸಿಗೆ ಇಳಿಯಿತು.

ತೋಪಿನ ಬಗ್ಗೆ ಇಷ್ಟು ತಿಳಿದಿದ್ದರೆ ಮುಂದಿನ ಕೆಲಸ ಅರ್ಥವಾಗುತ್ತದೆ. 1930ರ ಲಂಡನ್ ನೌಕಾ ಒಪ್ಪಂದವು ಹಗುರ ಕ್ರೂಸರುಗಳ ತೋಪು 6.1 ಇಂಚು ಮೀರಬಾರದೆಂದು ಗೆರೆ ಎಳೆಯಿತು. ವ್ಯಾಸ ಹೆಚ್ಚಿಸುವಂತಿಲ್ಲವೆಂದಾಗ ದೇಶಗಳು ತೋಪುಗಳ ಸಂಖ್ಯೆಯನ್ನು ಹೆಚ್ಚಿಸಿದವು. ಜಪಾನ್ ಮೊಗಾಮಿ ವರ್ಗದಲ್ಲಿ, ಅಮೆರಿಕ ಬ್ರೂಕ್ಲಿನ್ ವರ್ಗದಲ್ಲಿ ಒಂದೊಂದು ಹಡಗಿಗೆ 15 ತೋಪು ಇಟ್ಟವು. ಬ್ರಿಟನ್ 12 ಇಟ್ಟಿತು. ಒಂದು ಟರೆಟ್ಟಿಗೆ ಎರಡರ ಬದಲು ಮೂರು ತೋಪು ಕೂರಿಸಬೇಕಾದದ್ದು ಹೀಗೆ. ಈ ಮಾರ್ಕ್ 23 ತೋಪಿನ ನಳಿಕೆ 50 ಕ್ಯಾಲಿಬರ್ ಉದ್ದ, ಅಂದರೆ ಒಳವ್ಯಾಸದ 50 ಪಟ್ಟು, 7.62 ಮೀಟರ್. ಗುಂಡಿನ ತೂಕ 112 ಪೌಂಡ್, ಅಂದರೆ 50.8 ಕಿಲೋ. ಅದನ್ನು ತಳ್ಳುವುದು ಬಟ್ಟೆಯ ಚೀಲದಲ್ಲಿ ತುಂಬಿದ 30 ಪೌಂಡ್ ಕಾರ್ಡೈಟ್ ಎಂಬ ಸಿಡಿಮದ್ದು. ನಳಿಕೆಯ ಬಾಯಲ್ಲಿ ಗುಂಡಿನ ವೇಗ ಸೆಕೆಂಡಿಗೆ ಸುಮಾರು 840 ಮೀಟರ್, ಅತಿ ಹೆಚ್ಚಿನ ದೂರ 23 ಕಿ.ಮೀ.ಗೂ ಸ್ವಲ್ಪ ಮೇಲೆ. ಮೈಸೂರು ನಮ್ಮಲ್ಲಿಗೆ ಬಂದಾಗ ಹಿಂಬದಿಯ ಎಕ್ಸ್ ಟರೆಟ್ ಇರಲಿಲ್ಲ. ಎ, ಬಿ, ವೈ ಎಂಬ ಮೂರು ಟರೆಟ್‌ಗಳಲ್ಲಿ ಒಟ್ಟು 9 ತೋಪುಗಳಿದ್ದವು. ನಾನು ಕಟ್ಟಿದ್ದು ಮುಂಭಾಗದ ಎರಡರಲ್ಲಿ ಹಿಂದಿನದಾದ ಬಿ ಟರೆಟ್.

ಮೊದಲು ಕೈಹಾಕಿದ್ದು ನಳಿಕೆಗಳಿಗೆ. 25 ಮಿ.ಮೀ. ದಪ್ಪದ ಎಚ್‌ಇ 30 ಅಲ್ಯೂಮಿನಿಯಂ ಸರಳನ್ನು ಕೊಂಡು, 340 ಮಿ.ಮೀ. ಉದ್ದಕ್ಕೆ ಕತ್ತರಿಸಿ, ಎರಡೂ ತುದಿಗೆ ಲೇತಿನ ಸೆಂಟರ್, ಅಂದರೆ ಸರಳನ್ನು ಹಿಡಿಯುವ ಮೊನೆ, ಕೂರುವ ಗುಳಿ ಹಾಕಿಕೊಂಡೆ. ನನ್ನ ಚಿತ್ರದ ಪ್ರಕಾರ ನಳಿಕೆ ಹಿಂಬದಿಯಲ್ಲಿ 28 ಮಿ.ಮೀ. ಉದ್ದಕ್ಕೆ 22 ಮಿ.ಮೀ. ವ್ಯಾಸದ ನೇರ ಭಾಗವಾಗಿದ್ದು, ಅಲ್ಲಿಂದ 300 ಮಿ.ಮೀ. ದೂರದಲ್ಲಿ 11 ಮಿ.ಮೀ.ಗೆ ಇಳಿಯಬೇಕು. ಇಷ್ಟು ಉದ್ದದ ಟೇಪರನ್ನು, ಅಂದರೆ ಕ್ರಮವಾಗಿ ಸಣ್ಣದಾಗುವ ಮೈಯನ್ನು, ಟೂಲ್ ಹೊತ್ತ ಕಾಂಪೌಂಡ್ ಸ್ಲೈಡ್ ತಿರುಗಿಸಿ ಮಾಡಲಾಗದು, ಅದರ ಓಟ ಸಾಲದು. ಸರಳಿನ ಬಲತುದಿಯನ್ನು ಹಿಡಿಯುವ ಟೇಲ್‌ಸ್ಟಾಕನ್ನು ಪಕ್ಕಕ್ಕೆ ಸರಿಸುವುದೇ ದಾರಿ. ವ್ಯಾಸಗಳ ವ್ಯತ್ಯಾಸದ ಅರ್ಧವನ್ನು ಸರಳಿನ ಪೂರ್ಣ ಉದ್ದದಿಂದ ಗುಣಿಸಿ ಟೇಪರಿನ ಉದ್ದದಿಂದ ಭಾಗಿಸಿದರೆ 6.23 ಮಿ.ಮೀ. ಬರುತ್ತದೆ. ಡಯಲ್ ಗೇಜ್ ಇಟ್ಟು ಅಷ್ಟೇ ಸರಿಸಿದೆ.

ಮೊದಲ ಸರಳು ಕೆಟ್ಟುಹೋಯಿತು. ಟೇಲ್‌ಸ್ಟಾಕ್ ಸರಿದಾಗ 60 ಡಿಗ್ರಿಯ ಸೆಂಟರ್ ತನ್ನ ಗುಳಿಯಲ್ಲಿ ಓರೆಯಾಗಿ ಕೂರುತ್ತದೆ, ಒಂದೇ ಅಂಚಿನಲ್ಲಿ ಉಜ್ಜಿ ಗುಳಿ ಅಂಡಾಕಾರವಾಗುತ್ತದೆ, ಸರಳು ಅಲುಗತೊಡಗುತ್ತದೆ, ಟೂಲಿನ ಗುರುತು ಮೈತುಂಬ ಅಲೆಅಲೆಯಾಗಿ ಮೂಡುತ್ತದೆ. ಇದನ್ನು ವಿದ್ಯಾರ್ಥಿಗಳಿಗೆ ಮೂವತ್ತು ವರ್ಷ ಹೇಳಿಕೊಟ್ಟವನು ನಾನೇ, ಆದರೂ ಒಂದು ಗಂಟೆಯ ಕೆಲಸವೆಂದು ಆತುರಪಟ್ಟೆ. ಎರಡನೆಯ ಸರಳಿಗೆ ಗುಳಿಯಲ್ಲಿ 6 ಮಿ.ಮೀ. ಉಕ್ಕಿನ ಗೋಲಿಯನ್ನು ಗ್ರೀಸಿನೊಂದಿಗೆ ಕೂರಿಸಿ, ಸೆಂಟರಿನ ತುದಿಯನ್ನು ಆ ಗೋಲಿಗೆ ತಕ್ಕಂತೆ ಬಟ್ಟಲಾಗಿಸಿದೆ. ಗೋಲಿ ಯಾವ ಓರೆಯಲ್ಲಿಯೂ ಪೂರ್ತಿ ಕೂರುವುದರಿಂದ ನಡುಕ ನಿಂತಿತು. ಇನ್ನೊಂದು ತೊಂದರೆ ಉಳಿದಿತ್ತು. ಉದ್ದನೆಯ ತೆಳು ಸರಳು ಟೂಲಿನ ಒತ್ತಡಕ್ಕೆ ನಡುವೆ ಬಾಗಿ ದೂರ ಸರಿಯುತ್ತದೆ, ಹಾಗಾಗಿ ನಡುಭಾಗ 0.4 ಮಿ.ಮೀ. ದಪ್ಪ ಉಳಿಯಿತು. ನೇರ ಸರಳಾದರೆ ಟೂಲಿನ ಜೊತೆ ಓಡುತ್ತ ಸರಳಿಗೆ ಆಸರೆ ಕೊಡುವ ಸ್ಟೆಡಿ ಹಾಕಬಹುದು. ಟೇಪರಿನಲ್ಲಿ ವ್ಯಾಸ ಬದಲಾಗುತ್ತಲೇ ಇರುವುದರಿಂದ ಅದು ಹಿಡಿಯುವುದಿಲ್ಲ. ಕೊನೆಗೆ, ಮೂಗು ತೀರ ಚೂಪಾಗಿರುವ ಎಚ್‌ಎಸ್‌ಎಸ್ (ಹೈಸ್ಪೀಡ್ ಉಕ್ಕು) ಟೂಲನ್ನು ಕಲ್ಲಿನ ಮೇಲೆ ಕೈಯಿಂದ ಮಸೆದು, ಸೀಮೆಎಣ್ಣೆ ಸವರಿ, ಒಂದು ಬಾರಿಗೆ 0.1 ಮಿ.ಮೀ. ಮಾತ್ರ ಕೆತ್ತುತ್ತ ನಿಧಾನವಾಗಿ ಇಳಿಸಿದೆ. ಉಳಿದ ಉಬ್ಬನ್ನು ಉದ್ದನೆಯ ಅರದಿಂದ ಉಜ್ಜಿ, ತಗಡಿನಲ್ಲಿ ಕತ್ತರಿಸಿದ ಟೆಂಪ್ಲೇಟ್ ಇಟ್ಟು ಬೆಳಕು ನೋಡುತ್ತ ಸರಿಪಡಿಸಿದೆ. ಒಂದು ನಳಿಕೆಗೆ ಎರಡು ದಿನ ಬೇಕಾಯಿತು. ಬಾಯಿಯ ತುದಿಯ 12 ಮಿ.ಮೀ. ಹೆಚ್ಚುವರಿಯನ್ನು ಕತ್ತರಿಸಿ ತೆಗೆದು, ಕಾಲು ಇಂಚಿನ ಡ್ರಿಲ್ಲಿನಿಂದ 20 ಮಿ.ಮೀ. ಆಳ ಮಾತ್ರ ಕೊರೆದೆ. ನಳಿಕೆ ಉಳಿದಂತೆ ಗಟ್ಟಿ ಸರಳೇ. ಇದು ನೋಡುವುದಕ್ಕಾಗಿ ಇರುವ ಮಾದರಿ, ಹಾಗೆಯೇ ಇರಬೇಕು.

ಮೂರೂ ನಳಿಕೆಗಳಿಗೆ ಹಿತ್ತಾಳೆಯ ಕ್ರೇಡಲ್, ಅಂದರೆ ನಳಿಕೆ ಕೂರುವ ತೊಟ್ಟಿಲು, ಮಾಡಿ, ಎಲ್ಲವನ್ನೂ ಒಂದೇ 8 ಮಿ.ಮೀ. ಉಕ್ಕಿನ ಅಡ್ಡ ಅಚ್ಚಿಗೆ ಪೋಣಿಸಿ, ಅಚ್ಚಿನ ಎರಡು ತುದಿಗಳನ್ನು ಪಕ್ಕದ ಫಲಕಗಳಲ್ಲಿ ಕೂರಿಸಿದೆ. ಮೂರು ನಳಿಕೆಗಳೂ ಒಂದೇ ಸಾಲಿಗೆ, ದಾರ ಹಿಡಿದಂತೆ ನಿಂತವು. ಬಹಳ ತೃಪ್ತಿಯಾಯಿತು. ಆ ವಾರ ನಮ್ಮ ಬೀದಿಯ ಕೊನೆಯ ಮನೆಯ ಹಿರಿಯರೊಬ್ಬರು ನೋಡಲು ಬಂದರು. ಅವರು ನೌಕಾಪಡೆಯಲ್ಲಿದ್ದು, ಮೈಸೂರು ಹಡಗಿನಲ್ಲಿಯೇ ಕೆಲವು ವರ್ಷ ಕೆಲಸ ಮಾಡಿದವರು. ಶೆಡ್ಡಿನ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

"ಮೇಷ್ಟ್ರೇ, ಕೆಲಸ ಚೆನ್ನಾಗಿದೆ. ಆದರೆ ನಡುವಿನದು ಹೀಗಿರಲಿಲ್ಲವಲ್ಲ."

"ಹೇಗಿತ್ತು ಸರ್?"

"ಅದು ಹಿಂದಕ್ಕಿತ್ತು. ಎರಡು ಪಕ್ಕದವು ಮುಂದೆ, ನಡುವಿನದು ಒಂದು ಹೆಜ್ಜೆ ಹಿಂದೆ. ಡೆಕ್ಕಿನ ಮೇಲೆ ನಿಂತು ಪಕ್ಕದಿಂದ ನೋಡಿದರೆ ಗೊತ್ತಾಗುತ್ತಿತ್ತು."

ಅವರು ಹೋದ ಮೇಲೆ ಬೆಲ್‌ಫಾಸ್ಟಿನ ಚಿತ್ರಗಳನ್ನು ತೆರೆದೆ. ಇನ್ನೂರು ಚಿತ್ರಗಳಲ್ಲಿ ಪಕ್ಕದಿಂದ ತೆಗೆದ ಒಂದೊಂದರಲ್ಲೂ ನಡುವಿನ ನಳಿಕೆ ಕುಳ್ಳಗೆ ಕಾಣುತ್ತಿತ್ತು. ನಾನೇ ತೆಗೆದ ಚಿತ್ರಗಳು ಅವು. ಎದುರಿನಿಂದ ತೆಗೆದ ಚಿತ್ರಗಳಿಂದಲೇ ಅಳತೆ ಎಳೆದುಕೊಂಡಿದ್ದೆನಾದ್ದರಿಂದ ಆ ವ್ಯತ್ಯಾಸ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಈ ಟರೆಟ್‌ಗಳಲ್ಲಿ ನಡುವಿನ ತೋಪು ಪಕ್ಕದವುಗಳಿಗಿಂತ 30 ಇಂಚು ಹಿಂದಿರುತ್ತದೆ. ನನ್ನ ಅಳತೆಯಲ್ಲಿ ಅದು ಒಂದೂಕಾಲು ಇಂಚು, 31.75 ಮಿ.ಮೀ. ಇದು ಕಣ್ಣು ತಪ್ಪಿಸಿಕೊಳ್ಳುವ ಅಂತರವೇ ಅಲ್ಲ.

ಹಿಂದಿಡಲು ಎರಡು ಕಾರಣಗಳಿವೆ. ಮೂರು ಗುಂಡುಗಳು ಅಕ್ಕಪಕ್ಕದಲ್ಲಿ ಒಂದೇ ಕ್ಷಣ ಹೊರಬಿದ್ದರೆ, ಪ್ರತಿಯೊಂದರ ಹಿಂದೆ ನುಗ್ಗುವ ಅನಿಲದ ಹೊಡೆತ ಮತ್ತು ಗಾಳಿಯ ಅಲೆ ಪಕ್ಕದ ಗುಂಡಿನ ಓಟವನ್ನು ಕದಡುತ್ತದೆ. ಎರಡೂ ಬದಿಯಿಂದ ಹೊಡೆತ ತಿನ್ನುವ ನಡುವಿನ ಗುಂಡಿಗೆ ಅದು ಹೆಚ್ಚು. ಹತ್ತಿಪ್ಪತ್ತು ಕಿಲೋಮೀಟರ್ ದೂರದಲ್ಲಿ ಆ ಸಣ್ಣ ಕದಡು ಗುಂಡುಗಳನ್ನು ದೂರ ದೂರ ಚದುರಿಸುತ್ತದೆ. ನಡುವಿನ ನಳಿಕೆಯ ಬಾಯನ್ನು ಹಿಂದಿಟ್ಟರೆ ಮೂರು ಗುಂಡುಗಳು ಒಂದೇ ಗೆರೆಯಲ್ಲಿ ಹೊರಬೀಳುವುದಿಲ್ಲ. ಎರಡನೆಯ ಕಾರಣ ಒಳಗಿನದು: ಮೂರು ತೋಪುಗಳ ಹಿಂಬಾಯಿಗಳೂ ಒಂದೇ ಸಾಲಿನಲ್ಲಿದ್ದರೆ ಗುಂಡು ತುಂಬುವವರು ಪರಸ್ಪರ ಮೈಗೆ ಮೈ ತಾಗಿ ನಿಲ್ಲಬೇಕಾಗುತ್ತದೆ, ಒಂದನ್ನು ಹಿಂದಕ್ಕೆ ಸರಿಸಿದರೆ ಪ್ರತಿ ತಂಡಕ್ಕೂ ಮೊಣಕೈ ಆಡಿಸುವಷ್ಟು ಜಾಗ ಸಿಗುತ್ತದೆ. 50 ಕಿಲೋ ತೂಕದ ಗುಂಡನ್ನು ನಿಮಿಷಕ್ಕೆ ಆರು ಬಾರಿ ತುಂಬಬೇಕಾದವರಿಗೆ ಅಷ್ಟು ಜಾಗ ಸಣ್ಣದಲ್ಲ. ನಾನು ಅಂದವೆಂದು ಮೆಚ್ಚಿಕೊಂಡಿದ್ದ ನೇರ ಸಾಲು ಆ ವಿನ್ಯಾಸಕರು ಬೇಕೆಂದೇ ಮುರಿದ ಸಾಲಾಗಿತ್ತು.

ಇಡೀ ಕ್ರೇಡಲ್ ಭಾಗವನ್ನು ಬಿಚ್ಚಿದೆ. ಒಂದೇ ಅಚ್ಚಿನ ಬದಲು ಪ್ರತಿ ತೋಪಿಗೂ ಅದರದೇ ಚಿಕ್ಕ ಟ್ರನಿಯನ್ ಜೋಡಿ, ಅಂದರೆ ತೋಪು ತೂಗುವ ಗುಜ್ಜು ಅಚ್ಚು, ಕೊಡಬೇಕಾಯಿತು. ಅವುಗಳನ್ನು ಹಿಡಿಯಲು ತೋಪುಗಳ ನಡುವೆ ಎರಡು ಹೊಸ ಹಿತ್ತಾಳೆ ಫಲಕಗಳನ್ನು ನಿಲ್ಲಿಸಿ, ನಡುವಿನ ತೋಪಿನ ರಂಧ್ರಗಳನ್ನು 31.75 ಮಿ.ಮೀ. ಹಿಂದೆ ಕೊರೆದೆ. ಎರಡೂ ಫಲಕಗಳನ್ನು ಒಟ್ಟಿಗೆ ಕ್ಲಾಂಪ್ ಮಾಡಿ ಒಂದೇ ಹೊಡೆತಕ್ಕೆ ಕೊರೆದು, ರಂಧ್ರವನ್ನು ನಯಗೊಳಿಸುವ ರೀಮರ್ ಆಡಿಸಿದ್ದರಿಂದ ಅಚ್ಚುಗಳು ಸಮನಾಗಿ ಬಂದವು. ಇದರಿಂದ ಒಂದು ಲಾಭವೂ ಆಯಿತು. ನಿಜವಾದ ಟರೆಟ್ಟಿನಲ್ಲಿ ಪ್ರತಿ ತೋಪೂ ಬೇರೆಯಾಗಿಯೇ ಏರಿಳಿಯುತ್ತಿತ್ತು. ಗುಂಡು ತುಂಬಲು ಮೈನಸ್ 5ರಿಂದ 12.5 ಡಿಗ್ರಿಯ ನಡುವೆ ತರಬೇಕಿತ್ತು, ಹೊಡೆಯುವಾಗ 45ರವರೆಗೆ ಎತ್ತಬಹುದಿತ್ತು. ಒಂದೇ ಅಚ್ಚಿನ ನನ್ನ ಮೊದಲ ಜೋಡಣೆಯಲ್ಲಿ ಒಂದು ತೋಪು ತುಂಬುತ್ತಿರುವಾಗ ಇನ್ನೊಂದು ಎತ್ತಿ ನಿಂತಿರುವುದನ್ನು ತೋರಿಸಲು ತೊಡಕಾಗುತ್ತಿತ್ತು. ಈಗ ಅದು ಸುಲಭವಾಯಿತು.

ಹಿಂದಕ್ಕೆ ಸರಿಸಿದ ತೋಪು ಮತ್ತೊಂದು ಕಡೆ ತಗಲಿಕೊಂಡಿತು. ಪಕ್ಕದ ತೋಪುಗಳ ಅಚ್ಚು ನನ್ನ ಮಾದರಿಯಲ್ಲಿ ಮುಂಗೋಡೆಯಿಂದ 40 ಮಿ.ಮೀ. ಒಳಗಿದೆ, ಚಾವಣಿ ಅಚ್ಚಿನಿಂದ 50 ಮಿ.ಮೀ. ಮೇಲಿದೆ. ಅವು 45 ಡಿಗ್ರಿಗೆ ಏರಲು ಚಾವಣಿಯ ಅಂಚಿನಲ್ಲಿ ನಾಲ್ಕು ಮಿ.ಮೀ. ಕಚ್ಚು ಸಾಕಿತ್ತು. ನಡುವಿನದರ ಅಚ್ಚು ಈಗ ಸುಮಾರು 72 ಮಿ.ಮೀ. ಒಳಗೆ ಹೋಗಿದ್ದರಿಂದ, ಅದು 28 ಡಿಗ್ರಿಗೇ ಚಾವಣಿಗೆ ಬಡಿಯಿತು. ಕಾಗದದ ಮೇಲೆ ಎರಡು ಗೆರೆ ಎಳೆದರೆ ಸಾಕು, ಇದು ಮೊದಲೇ ತಿಳಿಯುತ್ತದೆ: ಅಚ್ಚು ಎಷ್ಟು ಹಿಂದೋ, 45 ಡಿಗ್ರಿಯಲ್ಲಿ ನಳಿಕೆ ಮುಂಗೋಡೆಯನ್ನು ಅಷ್ಟೇ ಎತ್ತರದಲ್ಲಿ ದಾಟುತ್ತದೆ. ಲೆಕ್ಕದಂತೆ ಚಾವಣಿಯಲ್ಲಿ 36 ಮಿ.ಮೀ. ಉದ್ದದ ಕಚ್ಚು ಬೇಕಾಯಿತು. ಗರಗಸದಿಂದ ತೆಗೆದು, ಅರದಿಂದ ತಿದ್ದಿದೆ.

ಈ 45 ಡಿಗ್ರಿಯ ಮಿತಿಯ ಬಗ್ಗೆ ಒಂದು ಮಾತು. ಕೈಯಿಂದ ತೋಪನ್ನು ಪೂರ್ತಿ ಎತ್ತಿ ನೋಡಿದವರಿಗೆ ಅದು ಇನ್ನೂ ಮೇಲಕ್ಕೆ ಹೋಗದೆ ನಿಲ್ಲುವುದು ವಿಚಿತ್ರವೆನಿಸುತ್ತದೆ. ಹಡಗಿನ ಮೇಲೆ ಹಡಗು ಹೊಡೆಯಲು ಅಷ್ಟು ಸಾಕು. ತಲೆಯ ಮೇಲಿಂದ ಎರಗುವ ವಿಮಾನಕ್ಕೆ ಸಾಲದು. ತೋಪು ಅಷ್ಟು ಬೇಗ ತಿರುಗುವುದೂ ಇಲ್ಲ, ತುಂಬುವುದೂ ಇಲ್ಲ. ಹಾಗಾಗಿಯೇ ಇಂಥ ಕ್ರೂಸರುಗಳು 4 ಇಂಚಿನ ಜೋಡಿ ತೋಪುಗಳನ್ನು ಪಕ್ಕಗಳಲ್ಲಿ ಹೊತ್ತವು. ಯುದ್ಧ ಮುಂದುವರಿದಂತೆ 20 ಮಿ.ಮೀ. ಓರ್ಲಿಕನ್, 40 ಮಿ.ಮೀ. ಬೋಫೋರ್ಸ್ ತೋಪುಗಳು ಸಿಕ್ಕ ಸಿಕ್ಕ ಮೂಲೆಯಲ್ಲೆಲ್ಲ ಸೇರಿಕೊಂಡವು. ಓರ್ಲಿಕನ್ನಿನ ವಂಶವೇ ಒಂದು ವಿಚಿತ್ರ. ಜರ್ಮನಿಯ ಬೆಕರ್ ವಿನ್ಯಾಸದಿಂದ ಹುಟ್ಟಿ ಸ್ವಿಟ್ಜರ್‌ಲೆಂಡಿನಲ್ಲಿ ಬೆಳೆದ ಈ ತೋಪಿನ ರೆಕ್ಕೆಯ ಆವೃತ್ತಿಗಳು ಜಪಾನಿನ ಝೀರೋ ವಿಮಾನದಲ್ಲೂ ಜರ್ಮನಿಯ ಮೆಸ್ಸರ್‌ಶ್ಮಿಟ್ 109ರಲ್ಲೂ ಕುಳಿತವು. ಅವುಗಳನ್ನು ಹೊಡೆದುರುಳಿಸಲು ಡೆಕ್ಕಿನ ಮೇಲೆ ನಿಂತದ್ದೂ ಅದೇ ಮನೆತನದ ತೋಪು. ಇದೇ ವರ್ಗದ ಮೊದಲ ಹಡಗು ಎಚ್‌ಎಂಎಸ್ ಫಿಜಿ, 1941ರ ಮೇ 22ರಂದು ಕ್ರೀಟ್ ದ್ವೀಪದ ಬಳಿ ವಿಮಾನ ನಿರೋಧಕ ಗುಂಡುಗಳೆಲ್ಲ ಮುಗಿದ ಮೇಲೆ ಬಾಂಬಿಗೆ ಬಲಿಯಾಗಿ ಮುಳುಗಿತು. ಅದರ ಮೇಲೂ ಈ 6 ಇಂಚಿನ ತೋಪುಗಳಿದ್ದವು.

ಮಳೆಗಾಲದ ತಿಂಗಳುಗಳನ್ನು ಹಿಂಬಾಯಿಗೆ, ಅಂದರೆ ಬ್ರೀಚಿಗೆ, ಮೀಸಲಿಟ್ಟೆ. ನನಗೆ ಎಲ್ಲಕ್ಕಿಂತ ಪ್ರಿಯವಾದ ಭಾಗ ಇದು. ಚಿಕ್ಕ ತೋಪುಗಳಲ್ಲಿ ಹಿತ್ತಾಳೆಯ ಕೇಸು ಉಬ್ಬಿ ಅನಿಲ ಹಿಂದಕ್ಕೆ ಸೋರದಂತೆ ತಡೆಯುತ್ತದೆ. ಈ ತೋಪಿನಲ್ಲಿ ಕೇಸು ಇಲ್ಲ, ಬಟ್ಟೆಯ ಚೀಲವಷ್ಟೇ. ಆದ್ದರಿಂದ ಬಾಗಿಲೇ ಅನಿಲವನ್ನು ತಡೆಯಬೇಕು, ಅದೂ ಕ್ಷಣದಲ್ಲಿ ತೆರೆದು ಮುಚ್ಚುವಂತಿರಬೇಕು. ಗಟ್ಟಿಯಾಗಿ ಹಿಡಿಯುವುದು ಸ್ಕ್ರೂ. ಆದರೆ ಉದ್ದನೆಯ ಸ್ಕ್ರೂವನ್ನು ಹತ್ತಾರು ಸುತ್ತು ತಿರುಗಿಸುತ್ತ ಕೂರಲು ಸಮಯವಿಲ್ಲ. ಹಳೆಯ ಉಪಾಯವೆಂದರೆ ಸ್ಕ್ರೂವಿನ ಸುತ್ತಳತೆಯಲ್ಲಿ ಒಂದು ಬಿಟ್ಟು ಒಂದು ಭಾಗದ ಎಳೆಗಳನ್ನು ಕೆತ್ತಿ ತೆಗೆಯುವುದು. ಬೋಳು ಭಾಗದ ಎದುರಿಗೆ ಎಳೆ ಬರುವಂತೆ ನೇರ ಒಳಗೆ ನೂಕಿ, ಸ್ವಲ್ಪ ತಿರುಗಿಸಿದರೆ ಬಿಗಿಯಾಗುತ್ತದೆ. ಇದರಲ್ಲಿ ಅರ್ಧ ಸುತ್ತಳತೆ ಮಾತ್ರ ಹಿಡಿಯುತ್ತದೆ. ಸ್ವೀಡನ್ನಿನ ಅಕ್ಸೆಲ್ ವೆಲಿನ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇದಕ್ಕೆ ಮೆಟ್ಟಿಲು ಸೇರಿಸಿದರು. ಬೋಳು ಭಾಗದ ಪಕ್ಕ ತಗ್ಗಿನ ಎಳೆ, ಅದರ ಪಕ್ಕ ಎತ್ತರದ ಎಳೆ, ಹೀಗೆ ಮೆಟ್ಟಿಲುಗಳ ಗುಂಪುಗಳನ್ನು ಕೊರೆದರೆ, ಬಾಗಿಲು ನೇರ ಒಳಗೆ ಹೋಗುತ್ತದೆ ಮತ್ತು ಒಂದೇ ಮೆಟ್ಟಿಲಿನಷ್ಟು ತಿರುಗಿದಾಗ ಅರ್ಧಕ್ಕಿಂತ ಹೆಚ್ಚು ಸುತ್ತಳತೆ ಹಿಡಿದುಕೊಳ್ಳುತ್ತದೆ.

ಈ ತತ್ವ ಕಾಣಬೇಕೆಂದೇ ನಾನು ಮೂರು ಗುಂಪು ಮಾಡಿದೆ. ಒಂದೊಂದು ಗುಂಪಿನಲ್ಲಿ ಬೋಳು, ತಗ್ಗು, ಎತ್ತರ ಎಂಬ ಮೂರು ಭಾಗ; ಒಟ್ಟು ಒಂಬತ್ತು ಭಾಗ, ಒಂದೊಂದೂ 40 ಡಿಗ್ರಿ. ಬಾಗಿಲು 40 ಡಿಗ್ರಿ ತಿರುಗಿದರೆ ಸುತ್ತಳತೆಯ ಮೂರರಲ್ಲಿ ಎರಡು ಭಾಗ ಬಿಗಿಯುತ್ತದೆ. 1:24ರಲ್ಲಿ ಬಾಗಿಲು ಬೆರಳ ತುದಿಯಷ್ಟಾಗಿ ಎಳೆಗಳು ಕಾಣುವುದೇ ಇಲ್ಲವಾದ್ದರಿಂದ, ಟರೆಟ್ಟಿನೊಳಗೆ ಸರಳ ಬಾಗಿಲುಗಳನ್ನಿಟ್ಟು, ಪಕ್ಕದಲ್ಲಿ ಪ್ರತ್ಯೇಕವಾಗಿ 60 ಮಿ.ಮೀ. ವ್ಯಾಸದ ದೊಡ್ಡ ಬಾಗಿಲೊಂದನ್ನು ಹಿತ್ತಾಳೆಯಲ್ಲಿ ಮಾಡಿ, ಬಿಜಾಗರಿಯ ಮೇಲೆ ತೂಗುಹಾಕಿದೆ. ತಗ್ಗಿನ ಮತ್ತು ಎತ್ತರದ ಎಳೆಗಳಿಗೆ ಪಿಚ್, ಅಂದರೆ ಎಳೆಯಿಂದ ಎಳೆಗಿರುವ ದೂರ, ಒಂದೇ ಇರಬೇಕು ಮತ್ತು ಎರಡೂ ಒಂದೇ ಜಾಗದಿಂದ ಆರಂಭವಾಗಬೇಕು, ಇಲ್ಲದಿದ್ದರೆ ತಗ್ಗಿನ ಎಳೆ ಬಿಗಿದಾಗ ಎತ್ತರದ್ದು ಸಡಿಲವಿರುತ್ತದೆ. ಎಳೆ ಕೊರೆಯುವಾಗ ಟೂಲನ್ನು ಎಳೆದೊಯ್ಯುವ ಲೇತಿನ ಹಾಫ್‌ನಟ್ಟನ್ನು ಬಿಡದೆಯೇ, ಯಂತ್ರವನ್ನು ಹಿಂದಕ್ಕೆ ಓಡಿಸಿ ಟೂಲನ್ನು ಆರಂಭಕ್ಕೆ ತಂದುಕೊಂಡು, ಎರಡೂ ಎಳೆಗಳನ್ನು ಕೊರೆದೆ. ಬಳಿಕ ಎತ್ತರದ ಎಳೆಯನ್ನು ತಗ್ಗಿನ ಭಾಗಗಳಲ್ಲಿಯೂ, ಎರಡನ್ನೂ ಬೋಳು ಭಾಗಗಳಲ್ಲಿಯೂ ಅರದಿಂದ ತೆಗೆಯಬೇಕು. ಮಿಲ್ಲಿಂಗ್ ಯಂತ್ರವಿಲ್ಲದೆ ಇದು ಹದಿನಾರು ದಿನದ ಕೈಕೆಲಸವಾಯಿತು. ಬಾಗಿಲು ಕೂರುವ ಹೆಣ್ಣು ಭಾಗದ ಒಳ ಎಳೆಗಳನ್ನು ಸೂಜಿ ಅರದಿಂದ ತೆಗೆಯುವಾಗ ಒಂದು ಎತ್ತರದ ಭಾಗವನ್ನು 2 ಡಿಗ್ರಿ ಹೆಚ್ಚು ಉಜ್ಜಿಬಿಟ್ಟಿದ್ದೇನೆ. ಬಾಗಿಲು ಮುಚ್ಚಿದಾಗ ಅಲ್ಲಿ ಕೂದಲೆಳೆಯಷ್ಟು ಬೆಳಕು ಕಾಣುತ್ತದೆ. ಅದನ್ನು ಹಾಗೆಯೇ ಬಿಟ್ಟೆ. ಬಾಗಿಲು ಒಳಗೆ ಜಾರಿ, ಬೆರಳಿನಿಂದ ತಿರುಗಿಸಿದಾಗ ಅಲುಗದೆ ನಿಲ್ಲುವ ಆ ಕ್ಷಣವನ್ನು ನಾನು ದಿನಕ್ಕೊಮ್ಮೆಯಾದರೂ ಮಾಡಿ ನೋಡುತ್ತೇನೆ.

ಕವಚದ ತಗಡಿಗೆ ಬರೋಣ. 1936ರ ಎರಡನೆಯ ಲಂಡನ್ ಒಪ್ಪಂದವು ಇಂಥ ಹಡಗುಗಳ ತೂಕವನ್ನು 8,000 ಟನ್ನಿಗೆ ಇಳಿಸಿತು. ಬೆಲ್‌ಫಾಸ್ಟ್ ಅದಕ್ಕಿಂತ ಹಿಂದಿನ 10,000 ಟನ್ ಮಿತಿಯ ಕೂಸು, ಅದರ ಟರೆಟ್ಟಿನ ಮುಖ 4 ಇಂಚು ದಪ್ಪ. ನೈಜೀರಿಯಾ ಸೇರಿದ ಫಿಜಿ ವರ್ಗದಲ್ಲಿ 12 ತೋಪುಗಳನ್ನೂ ಉಳಿಸಿಕೊಂಡು ತೂಕ ಇಳಿಸಬೇಕಿತ್ತು, ಆದ್ದರಿಂದ ಟರೆಟ್ ಕವಚ 1ರಿಂದ 2 ಇಂಚಿಗೆ ತೆಳುವಾಯಿತು. 24ರಿಂದ ಭಾಗಿಸಿದರೆ ಅದು ಅಂಗಡಿಯಲ್ಲಿ ಸಿಗುವ 1 ಮತ್ತು 2 ಮಿ.ಮೀ. ಅಲ್ಯೂಮಿನಿಯಂ ತಗಡುಗಳಿಗೆ ಬಹುತೇಕ ಸರಿಹೊಂದುತ್ತದೆ. ಮುಂಗೋಡೆಗೆ 2, ಉಳಿದುದಕ್ಕೆ 1 ಬಳಸಿದೆ. 2 ಮಿ.ಮೀ. ತಗಡನ್ನು ಬಗ್ಗಿಸುವಾಗ ಮಡಿಕೆಯಲ್ಲಿ ಬಿರುಕು ಬಿಟ್ಟಿತು. ಅದನ್ನು ಹದ ಮಾಡಲು ಮಡಿಕೆಯ ಗೆರೆಗೆ ಬಟ್ಟೆ ಸೋಪನ್ನು ಉಜ್ಜಿ, ಗ್ಯಾಸ್ ಟಾರ್ಚಿನಿಂದ ಹಿಂಬದಿಯಿಂದ ಕಾಯಿಸಿದೆ; ಸೋಪು ಕಪ್ಪಾದ ಕೂಡಲೇ ಬೆಂಕಿ ತೆಗೆಯಬೇಕು. ಅಲ್ಯೂಮಿನಿಯಂ ಕೆಂಪಗಾಗದೆಯೇ ಕರಗಿ ಬೀಳುವುದರಿಂದ ಸೋಪಿನ ಬಣ್ಣವೇ ನಮಗೆ ಥರ್ಮಾಮೀಟರ್. ಆರಿದ ಮೇಲೆ ತಗಡು ಕಾಗದದಂತೆ ಮಡಿಯಿತು.

ಏರಿಳಿಸುವುದಕ್ಕೆ ಪ್ರತಿ ತೋಪಿನ ಕ್ರೇಡಲ್ಲಿಗೆ ಮಾಡ್ಯೂಲ್ 1ರ 60 ಹಲ್ಲಿನ ಗೇರಿನಿಂದ ಕತ್ತರಿಸಿದ ತುಣುಕನ್ನು ಕೂರಿಸಿ, ಕೆಳಗಿನಿಂದ ವರ್ಮ್, ಅಂದರೆ ಗೇರಿನ ಹಲ್ಲನ್ನು ತಳ್ಳುವ ಸ್ಕ್ರೂ, ಹಚ್ಚಿದೆ. ವರ್ಮ್ ಒಂದು ಸುತ್ತಿಗೆ ತೋಪು 6 ಡಿಗ್ರಿ ಚಲಿಸುತ್ತದೆ. ಮೈನಸ್ 5ರಿಂದ 45ರವರೆಗಿನ 50 ಡಿಗ್ರಿಗೆ ಎಂಟೂವರೆ ಸುತ್ತಿಗೆ ಸ್ವಲ್ಪ ಕಡಿಮೆ. ವರ್ಮಿನಲ್ಲಿ ತೋಪು ತನ್ನ ಭಾರಕ್ಕೆ ತಾನೇ ಇಳಿಯುವುದಿಲ್ಲ, ಅದೇ ಬೇಕಿತ್ತು. ನಿಜವಾದ ಟರೆಟ್ಟಿನಲ್ಲಿ ಈ ಕೆಲಸ ಹೈಡ್ರಾಲಿಕ್ಕಿನದು. ಇಡೀ ಗೋಪುರ ಕೂರುವುದಕ್ಕೆ ಗುಜರಿ ಅಂಗಡಿಯಲ್ಲಿ ಸಿಕ್ಕ 100 ಮಿ.ಮೀ. ಒಳವ್ಯಾಸದ, ಮೇಲಿನ ಭಾರ ಹೊರುವ ಥ್ರಸ್ಟ್ ಬೇರಿಂಗ್ ಹಾಕಿದೆ, ತೊಳೆದು ಗ್ರೀಸ್ ತುಂಬಿದ ಮೇಲೆ ಒಂದು ಬೆರಳಿಗೆ ತಿರುಗುತ್ತದೆ.

ಗುಂಡುಗಳನ್ನು ಹಿತ್ತಾಳೆಯಲ್ಲಿ ತಿರುಗಿಸಿ ಮಾಡುವಾಗ ಒಂದು ಲೆಕ್ಕ ಮಾಡಿ ನೋಡಿದೆ. ಉದ್ದ 24ರಲ್ಲೊಂದಾದರೆ ತೂಕ 24ರ ಘನದಷ್ಟು, ಅಂದರೆ 13,824ರಲ್ಲೊಂದು ಪಾಲಾಗುತ್ತದೆ. 50.8 ಕಿಲೋ ಗುಂಡು 3.7 ಗ್ರಾಂ ಆಗಬೇಕು. ಸುಮಾರು 7 ಟನ್ ತೂಕದ ನಳಿಕೆ ಅರ್ಧ ಕಿಲೋ ತೂಗಬೇಕು. ನನ್ನದು ಅಲ್ಯೂಮಿನಿಯಂ ಆದ್ದರಿಂದ ಸುಮಾರು 205 ಗ್ರಾಂ ಬಂದಿದೆ. ಉಕ್ಕಿನಲ್ಲಿ ಮಾಡಿದ್ದರೆ ತೂಕ ಲೆಕ್ಕಕ್ಕೆ ಹತ್ತಿರ ಬರುತ್ತಿತ್ತು, ಅದನ್ನು ನೆನೆದಾಗ ಇಂದಿಗೂ ಸ್ವಲ್ಪ ಮನಸ್ಸು ಕೊರೆಯುತ್ತದೆ.

ಬಣ್ಣ ಮೊದಲ ಸಲ ಹಾಳೆಹಾಳೆಯಾಗಿ ಎದ್ದುಬಂತು. ಬೋಳು ಅಲ್ಯೂಮಿನಿಯಂ ಮೇಲೆ ಸಾಮಾನ್ಯ ಪ್ರೈಮರ್ ಹಿಡಿಯುವುದಿಲ್ಲ, ಅದರಲ್ಲೂ ಮಳೆಗಾಲದ ತೇವದಲ್ಲಿ. ಎಲ್ಲವನ್ನೂ ತಿನ್ನರಿನಿಂದ ತೊಳೆದು, 400 ನಂಬರಿನ ಎಮರಿಯಿಂದ ಗೀರಿ, ಲೋಹವನ್ನು ಕಚ್ಚಿ ಹಿಡಿಯುವ ಎಚ್ (etch) ಪ್ರೈಮರ್ ಒಂದು ತೆಳು ಕೋಟು ಬಳಿದು, ಒಣಗಿದ ಬಳಿಕ ತಿಳಿ ಬೂದುಬಣ್ಣವನ್ನು ಮೂರು ಕೋಟು ಸಿಂಪಡಿಸಿದೆ. ಒಳಗಿನ ಗೋಡೆಗೆ ಬಿಳಿ.

ಪೀಠವನ್ನು ಬೀಟೆ ಮರದ ಹಲಗೆಯಲ್ಲಿ ಮಾಡಿಸಿದೆ. ಅದರ ಮುಂದೆ ಹಿತ್ತಾಳೆಯ ಫಲಕದ ಮೇಲೆ ಹಡಗಿನ ಲಾಂಛನವಾಗಿದ್ದ ಗಂಡಭೇರುಂಡವನ್ನೂ, ಅದರ ಧ್ಯೇಯವಾಕ್ಯವಾಗಿದ್ದ ತೈತ್ತಿರೀಯ ಉಪನಿಷತ್ತಿನ "ನ ಬಿಭೇತಿ ಕದಾಚನ" ಎಂಬ ಮಾತನ್ನೂ ಕೆತ್ತಿಸಿದೆ. ಎಂದಿಗೂ ಹೆದರುವುದಿಲ್ಲ ಎಂದು ಅದರ ಅರ್ಥ. ಹಿಂಬದಿಯಲ್ಲಿ ಇನ್ನೊಂದು ಚಿಕ್ಕ ಫಲಕವಿದೆ. 1942ರ ಆಗಸ್ಟ್ 12ರಂದು, ಮಾಲ್ಟಾ ದ್ವೀಪಕ್ಕೆ ಆಹಾರ ಮತ್ತು ಇಂಧನ ಒಯ್ಯುತ್ತಿದ್ದ ಹಡಗುಗಳಿಗೆ ಕಾವಲಾಗಿದ್ದ ನೈಜೀರಿಯಾಕ್ಕೆ ಇಟಲಿಯ ಅಕ್ಸುಮ್ ಜಲಾಂತರ್ಗಾಮಿಯ ಟಾರ್ಪಿಡೊ ಬಡಿದು 52 ಮಂದಿ ಸತ್ತರು. ಹಡಗು ಕುಂಟುತ್ತ ಜಿಬ್ರಾಲ್ಟರಿಗೆ ಮರಳಿ, ಬಳಿಕ ಅಮೆರಿಕದಲ್ಲಿ ದುರಸ್ತಿಯಾಯಿತು. ಆ ದಿನಾಂಕವನ್ನೂ ಆ ಸಂಖ್ಯೆಯನ್ನೂ ಅಲ್ಲಿ ಬರೆಸಿದ್ದೇನೆ. 1971ರ ಯುದ್ಧದಲ್ಲಿ ಪಶ್ಚಿಮ ನೌಕಾದಳದ ಧ್ವಜನೌಕೆಯಾಗಿ ನಿಂತ ಹಡಗು ಅದೇ ಗಾಯ ವಾಸಿಯಾದ ಮೈಯದು.

ಎಲ್ಲ ಜೋಡಿಸಿದ ಮೇಲೆ ಬೀದಿಯ ಕೊನೆಯ ಮನೆಯ ಹಿರಿಯರನ್ನು ಕರೆದೆ. ಅವರು ಪಕ್ಕದಲ್ಲಿ ಬಗ್ಗಿ, ಮೂರು ನಳಿಕೆಗಳ ಬಾಯಿಗಳನ್ನು ಒಂದರ ಹಿಂದೊಂದು ನೋಡಿದರು. ಆಮೇಲೆ ನಡುವಿನ ತೋಪಿನ ಕೈಚಕ್ರ ಹಿಡಿದು ತಾವೇ ತಿರುಗಿಸುತ್ತ, ತುಂಬುವ ಕೋನಕ್ಕೆ ತಂದು ನಿಲ್ಲಿಸಿದರು. ನಡುವಿನ ವರ್ಮಿನಲ್ಲಿ ಅರ್ಧ ಡಿಗ್ರಿಯಷ್ಟು ಸಡಿಲು ಉಳಿದಿದೆ ಎಂಬುದು ಅವರ ಕೈಗೆ ತಕ್ಷಣ ಗೊತ್ತಾಯಿತು. ಸಡಿಲು ತುಂಬಲು ಹಿತ್ತಾಳೆಯ 0.2 ಮಿ.ಮೀ. ಶಿಮ್, ಅಂದರೆ ತೆಳು ತಗಡಿನ ತುಂಡು, ಕತ್ತರಿಸಿಟ್ಟಿದ್ದೇನೆ, ಈ ಭಾನುವಾರ ಹಾಕಬೇಕು.